ಶವಾಗಾರದ ಬಾಗಿಲಿನ ಐದು ಮುಖಗಳು

ಥೂ! ಮೊದಲು ಇದೊಂದನ್ನು ಉಗುಳಿಬಿಡುತ್ತೇನೆ, ಆಮೇಲೆ ಉಳಿದದ್ದು. ನಮ್ಮ ಆಸ್ಪತ್ರೆಯಲ್ಲಿ ಎಲ್ಲಿ ತಿರುಗಿದರೂ ಒಂದು ಕಂಬ, ಕಂಬದ ತುದಿಗೆ ಒಂದು ಪರದೆ, ಪರದೆಯ ಮೇಲೆ ಐದು ಮುಖ. ಮೊದಲಿನದು ಕೆಂಪಾಗಿ ಅಳುತ್ತದೆ, ಕೊನೆಯದು ಹಸಿರಾಗಿ ಹಲ್ಲು ಕಿರಿಯುತ್ತದೆ. ‘ನಮ್ಮ ಸೇವೆ ಹೇಗಿತ್ತು?’ ಎಂದು ಮೇಲೆ ಬರೆದಿರುತ್ತದೆ. ರಕ್ತ ಪರೀಕ್ಷೆಗೆ ಬಂದವನಿಗೂ ಅದೇ ಪ್ರಶ್ನೆ, ಕಾಲು ಕತ್ತರಿಸಿಕೊಂಡು ಹೊರಟವನಿಗೂ ಅದೇ ಪ್ರಶ್ನೆ. ಆ ಹಸಿರು ಮುಖ ಕಂಡರೆ ನನಗೆ ಅಡಿಯಿಂದ ಮುಡಿಯವರೆಗೆ ಉರಿಯುತ್ತದೆ.

ನನ್ನ ಹೆಸರು ಕುಶಲಾ. ಕೆಳಗಿನ ಮಹಡಿಯ ಮೆಡಿಕಲ್‌ನಲ್ಲಿ ಮದ್ದು ಕೊಡುವುದು ನನ್ನ ಕೆಲಸ. ಆಸ್ಪತ್ರೆಯ ಹೆಸರು ಬೇಡ. ಮಂಗಳೂರಿನಲ್ಲಿ ಆಸ್ಪತ್ರೆಗಳಿಗೇನು ಬರವೇ, ಯಾವುದೋ ಒಂದು ಎಂದುಕೊಳ್ಳಿ. ಧಣಿ ಜಯಪಾಲ ಶೆಟ್ರು ನನಗೆ ದೂರದ ಸಂಬಂಧ. ಮದುವೆ ಮನೆಯಲ್ಲಿ ಸಿಕ್ಕಿದರೆ ಜಯಪಾಲಣ್ಣ, ಆಸ್ಪತ್ರೆಯ ಲಿಫ್ಟಿನಲ್ಲಿ ಸಿಕ್ಕಿದರೆ ಸರ್. ಹೋಟೆಲು ನಡೆಸಿ ಮೇಲೆ ಬಂದವರು. ಆಸ್ಪತ್ರೆ ಕಟ್ಟಿದ ಮೇಲೂ ಮನಸ್ಸು ಮಾತ್ರ ಹೋಟೆಲಿನದ್ದೇ. ರೂಮು ತುಂಬಿದೆಯಾ, ಬಂದವರು ಖುಷಿಯಲ್ಲಿದ್ದಾರಾ, ಇಷ್ಟೇ ಅವರ ವಿಚಾರಣೆ. ಕಾಯಿಲೆ ಬಿದ್ದವರು ಖುಷಿಯಲ್ಲಿರುವುದು ಹೇಗೆ ಎಂದು ನಾನೊಮ್ಮೆ ಕೇಳಿ, ಸರಿಯಾಗಿ ಬೈಸಿಕೊಂಡಿದ್ದೇನೆ.

ಆದರೆ ನಾನು ಹೇಳಹೊರಟದ್ದು ಧಣಿಯ ಕಥೆಯಲ್ಲ, ತೃಪ್ತಿಯದ್ದು. ನಮ್ಮಲ್ಲಿ ‘ಪೇಷಂಟ್ ಎಕ್ಸ್‌ಪೀರಿಯೆನ್ಸ್ ಮ್ಯಾನೇಜರ್’ ಎಂಬ ಹುದ್ದೆಗೆ ಬಂದವಳು ಅವಳು. ರೋಗಿಗೆ ಆಸ್ಪತ್ರೆಯಲ್ಲಿ ಆಗುವ ಅನುಭವವನ್ನು ಚಂದ ಮಾಡುವ ಕೆಲಸವಂತೆ. ಹುದ್ದೆಯ ಹೆಸರು ಕೇಳಿ ನಾನು ನಕ್ಕಿದ್ದೆ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎನ್ನುತ್ತಾರಲ್ಲ, ಹಾಗೆ. ನೆಟ್ಟಗಿನ ಗಾಲಿಕುರ್ಚಿ ಇಲ್ಲದ ಆಸ್ಪತ್ರೆಗೆ ಅನುಭವದ ಮ್ಯಾನೇಜರ್!

ತೃಪ್ತಿ ವಾಮಂಜೂರಿನ ಹುಡುಗಿ. ಅಜ್ಜ ಬೋಜ ಪೂಜಾರಿ ಬೇಸಾಯ ಮಾಡುತ್ತಿದ್ದ ಗದ್ದೆಯಲ್ಲಿ ಈಗ ಕಾಲೇಜು ಹಾಸ್ಟೆಲು ನಿಂತಿದೆ. ಅವಳು ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿತು ಮಸ್ಕತ್ತಿಗೆ ಹೋದವಳು. ದೊಡ್ಡ ಹೋಟೆಲಿನಲ್ಲಿ ಬಂದವರಿಗೆ ಎಲ್ಲಿ ತೊಂದರೆಯಾಗುತ್ತದೆ, ಎಲ್ಲಿ ದಾರಿ ತಪ್ಪುತ್ತದೆ, ಎಲ್ಲಿ ಕಾದು ಕಾದು ಸಿಟ್ಟು ಬರುತ್ತದೆ ಎಂದು ನೋಡಿ ಸರಿಮಾಡುವ ಕೆಲಸ. ಗಂಡ ರೂಪೇಶ್ ಈಗಲೂ ಅಲ್ಲೇ, ಏಸಿ ಕಂಪೆನಿಯಲ್ಲಿ. ಮಗಳು ಅಕ್ಷಿತಾಳನ್ನು ಹಾಲು ಬಿಡಿಸಿದ ಕೂಡಲೇ ಕಾಟಿಪಳ್ಳದಲ್ಲಿ ಅತ್ತೆ ಮುದ್ದು ಅವರ ಕೈಗೆ ಕೊಟ್ಟು ಹೋಗಿದ್ದಳು. ಗಲ್ಫಿನ ಮನೆಗಳಲ್ಲಿ ಇದು ಹೊಸತೇನಲ್ಲ. ಒಂದು ರಜೆಗೆ ಬಂದಾಗ ಮಗುವಿಗೆ ಜ್ವರ. ಇವಳು ಹಣೆಗೆ ಒದ್ದೆ ಬಟ್ಟೆ ಹಾಕಲು ಹೋದರೆ ಮಗು ಮುಖ ತಿರುಗಿಸಿ, “ಆಂಟಿ, ನೀವು ಬೇಡ. ಅಮ್ಮ ಹಾಕಲಿ” ಎಂದಿತಂತೆ. ಅಮ್ಮ ಎಂದರೆ ಅಜ್ಜಿ.

“ಮಗುವಿನದ್ದು ತಪ್ಪಿಲ್ಲ ಮಗಾ. ಅದು ನಿನ್ನನ್ನು ಫೋನಿನಲ್ಲೇ ನೋಡಿದ್ದಲ್ವಾ?” ಎಂದರಂತೆ ಅತ್ತೆ ಮುದ್ದು.

ಅವಳು ಮಸ್ಕತ್ತಿನ ಟಿಕೇಟು ರದ್ದು ಮಾಡಿದಳು. ಅವಳ ತರದ ಕೆಲಸ ಮಂಗಳೂರಿನಲ್ಲಿ ಸಿಗುವುದು ದುರ್ಲಭ. ನಮ್ಮ ಆಸ್ಪತ್ರೆಯಲ್ಲಿ ಸಿಕ್ಕಿತು, ಆದರೆ ಪ್ರೊಬೇಷನ್ ಮೇಲೆ. ವರ್ಷದ ಕೊನೆಗೆ ಖಾಯಂ ಮಾಡಿದರೆ ಉಳಿಯುತ್ತಾಳೆ, ಇಲ್ಲದಿದ್ದರೆ ಪುನಃ ಮಸ್ಕತ್ತು. ಮನೆಯ ಸಾಲದ ಕಂತು ಒಬ್ಬನ ಸಂಬಳದಲ್ಲಿ ಮುಗಿಯುವಂಥದ್ದಲ್ಲ. ಇದನ್ನು ಅವಳು ನನಗೆ ಹೇಳಿದ್ದು ಕ್ಯಾಂಟೀನಿನಲ್ಲಿ, ಗೋಳಿಬಜೆ ಮುರಿಯುತ್ತಾ, ಒಂದು ಹನಿ ಕಣ್ಣೀರಿಲ್ಲದೆ.

ಕೆಲಸಕ್ಕೆ ಸೇರಿದ ಮೊದಲ ವಾರ ಅವಳು ಏನೂ ಮಾಡಲಿಲ್ಲ. ಕುತ್ತಿಗೆಗೆ ಕಾರ್ಡು ಹಾಕದೆ, ರೋಗಿಗಳ ನಡುವೆ ರೋಗಿಯಾಗಿ ಹೊರರೋಗಿ ವಿಭಾಗದ ಕುರ್ಚಿಯಲ್ಲಿ ಕೂತಳು. ಸಂಬಳ ತಿಂದು ಕುರ್ಚಿ ಬಿಸಿ ಮಾಡುತ್ತಾಳೆ ಎಂದು ನಾವೆಲ್ಲ ಆಡಿಕೊಂಡೆವು. ಆಗಲೇ ಇದಿನಬ್ಬನವರ ಪ್ರಸಂಗ ನಡೆದದ್ದು.

ಇದಿನಬ್ಬ ಬೆಂಗ್ರೆಯವರು. ಬಲೆ ರಿಪೇರಿ ಅವರ ಕಸುಬು. ಮಗಳು ಹನಾನ್ ಕಾಲೇಜಿಗೆ ಹೋಗುತ್ತಿದ್ದಳು, ಅವಳೇ ಅಪ್ಪನನ್ನು ಕರೆತಂದಿದ್ದಳು. ಅದೇ ಹೆಸರಿನ ಇನ್ನೊಬ್ಬರೂ ಆ ದಿನ ಕಾಯುತ್ತಿದ್ದರು. ಬಾಗಿಲಲ್ಲಿ ಹೆಸರು ಕರೆಯುವವನಿಗೆ ಗೊಂದಲ. ಬುದ್ಧಿವಂತ, ಗಂಟಲು ಹರಿಯುವ ಹಾಗೆ ಕೂಗಿದ: “ಪೈಲ್ಸ್‌ನ ಇದಿನಬ್ಬ ಯಾರು? ಪೈಲ್ಸ್‌ನವರು ಬನ್ನಿ!”

ಸಾಲುಸಾಲು ಹೆಂಗಸರು ಕೂತಿದ್ದ ಜಾಗ. ಇದಿನಬ್ಬ ಎದ್ದರು, ಡಾಕ್ಟರ ಬಾಗಿಲಿನ ಕಡೆ ಹೋಗಲಿಲ್ಲ, ನೆಟ್ಟಗೆ ಹೊರಗೆ ನಡೆದರು. ಹನಾನ್ ತಲೆ ತಗ್ಗಿಸಿ ಹಿಂದೆ ಹೋದಳು. ತೃಪ್ತಿ ಅವರ ಬೆನ್ನಿಗೆ ಬಸ್‌ಸ್ಟಾಪಿನವರೆಗೂ ಓಡಿದಳು. ಏನು ಹೇಳಿದಳೋ ಗೊತ್ತಿಲ್ಲ, ವಾಪಸು ಕರೆತಂದು ಹಿಂದಿನ ಬಾಗಿಲಿನಿಂದ ಡಾಕ್ಟರ ಹತ್ತಿರ ಬಿಟ್ಟಳು.

ಮರುವಾರ ಹೆಸರು ಕೂಗುವುದು ನಿಂತಿತು, ಟೋಕನ್ ನಂಬರು ಬಂತು. ಅದರ ಹಿಂದೆಯೇ ಒಂದೊಂದು ಸಣ್ಣ ಬದಲಾವಣೆ. ಲ್ಯಾಬಿಗೆ ಹೋಗುವ ದಾರಿಗೆ ನೆಲದ ಮೇಲೆ ಹಳದಿ ಪಟ್ಟಿ, ಎಕ್ಸ್‌ರೇಗೆ ನೀಲಿ. ಓದಲು ಬಾರದವರೂ ಪಟ್ಟಿ ಹಿಡಿದು ಹೋಗಬಹುದು. ರೋಗಿಯ ಜೊತೆ ಉಳಿಯುವವರಿಗೆ ಒದ್ದೆ ಕೊಡೆ ನೇತುಹಾಕಲು ಕೊಕ್ಕೆ, ಬುತ್ತಿ ಇಡಲು ಹಲಗೆ. ಬೆಳಿಗ್ಗೆ ಬೇಗ ಗಂಜಿ. ಇದೆಲ್ಲ ಏನು ದೊಡ್ಡ ವಿದ್ಯೆ ಎಂದು ಕೇಳಬೇಡಿ. ದೊಡ್ಡ ವಿದ್ಯೆಯಲ್ಲದ್ದನ್ನೂ ಅಷ್ಟು ವರ್ಷ ನಮ್ಮಲ್ಲಿ ಯಾರೂ ಮಾಡಿರಲಿಲ್ಲ.

ಇದಿನಬ್ಬ ಆಮೇಲೆ ಬಂದಾಗಲೆಲ್ಲ ಟೋಕನ್ ಎತ್ತಿ ಹಿಡಿದು, “ತೃಪ್ತಿ ಮೇಡಂ, ನಾನೀಗ ಬರೀ ನಂಬರು, ಬಚಾವಾದೆ” ಎಂದು ನಗುತ್ತಿದ್ದರು.

ಇನ್ನು ಆ ದರಿದ್ರ ಮುಖದ ಯಂತ್ರ. ಸತ್ಯ ಹೇಳಬೇಕಲ್ಲ, ಅದನ್ನು ತಂದವಳೂ ತೃಪ್ತಿಯೇ. ಕೆಳಗಿನ ಶೌಚಾಲಯ ಗಬ್ಬು ನಾರುತ್ತಿತ್ತು. ಮಸ್ಕತ್ತಿನ ಹೋಟೆಲಿನಲ್ಲಿ ಶೌಚಾಲಯದ ಹೊರಗೆ ಇಂಥ ಯಂತ್ರ ಇತ್ತಂತೆ, ಇಲ್ಲೂ ಒಂದು ಹಾಕಿಸಿದಳು. ಕೆಂಪು ಮುಖ ಒತ್ತಿದರೆ ಸಾಕು, ಗುಡಿಸುವವರ ಫೋನಿಗೆ ಸಂದೇಶ ಹೋಗುತ್ತದೆ, ಬಂದು ತೊಳೆಯುತ್ತಾರೆ. “ಧನ್ಯವಾದಗಳು” ಎಂದು ಅದು ಹೇಳುವ ದನಿಯೂ ಅವಳದ್ದೇ; ಸ್ಪಷ್ಟ ಕನ್ನಡ ಎಂದು ಅವಳಿಂದಲೇ ಹೇಳಿಸಿದ್ದರು. ಶೌಚಾಲಯ ಶುಭ್ರವಾಯಿತು. ನಾನೂ ಹೊಗಳಿದೆ. ಒಳ್ಳೆಯ ಚೂರಿಯೇ, ತರಕಾರಿ ಹೆಚ್ಚುವವರ ಕೈಯಲ್ಲಿ ಇರುವಷ್ಟು ದಿನ.

ಆಮೇಲೆ ಬಂದ ಮೋಕ್ಷಿತ್, ಜಯಪಾಲಣ್ಣನ ಮಗ. ವಿದೇಶದಲ್ಲಿ ಬಿಸಿನೆಸ್ ಓದಿ ಬಂದವನು. ಕೆಟ್ಟ ಹುಡುಗ ಎನ್ನಲಾರೆ. ಕುಡಿಯುವುದಿಲ್ಲ, ಯಾರಿಗೂ ಏಕವಚನ ಹಾಕುವುದಿಲ್ಲ, ಮಾತು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಅದೇ ನನಗೆ ಆಗದ್ದು. ಬೈದರೆ ತಿರುಗಿ ಬೈಯಬಹುದು, ನಕ್ಕರೆ ಎಂತ ಮಾಡುವುದು?

ಅವನು ಬಂದ ಮೇಲೆ ರೋಗಿಗಳು ‘ಅತಿಥಿ’ಗಳಾದರು. ಥೂ, ಗ್ಲುಕೋಸಿನ ಬಾಟಲಿ ನೇತುಹಾಕಿಕೊಂಡ ಅತಿಥಿ! ಎಲ್ಲ ವಿಭಾಗದ ಬಾಗಿಲಿಗೂ ಮುಖದ ಯಂತ್ರ ಬಂತು. ಹೊರಟವರಿಗೆಲ್ಲ ಸಿಬ್ಬಂದಿ ಕೈಮುಗಿದು “ಧನ್ಯವಾದಗಳು, ಮತ್ತೆ ಬನ್ನಿ” ಎನ್ನಬೇಕೆಂದು ಆಜ್ಞೆಯೂ ಬಂತು. ಹೋಟೆಲಿನ ಗಲ್ಲಾಪೆಟ್ಟಿಗೆಯ ಬುದ್ಧಿ, ಮತ್ತೆಂತ?

ನಮ್ಮೂರಿನಲ್ಲಿ ಯಾರ ಮನೆಯಿಂದ ಹೊರಟರೂ ‘ಬರ್ತೇನೆ’ ಎನ್ನುತ್ತೇವೆ, ಕಳಿಸುವವರು ‘ಹೋಗಿ ಬನ್ನಿ’ ಎನ್ನುತ್ತಾರೆ. ಆದರೆ ಸಾವಿನ ಮನೆಯಿಂದ ಮಾತಿಲ್ಲದೆ ಎದ್ದು ಬರಬೇಕು. ಆಸ್ಪತ್ರೆಯಲ್ಲೂ ಹಾಗೇ. “ಇನ್ನು ಈ ಕಡೆ ಬರುವುದು ಬೇಡ, ಆರಾಮ ಇರಿ” ಎಂದು ನಾನು ಮದ್ದು ಕೊಡುವಾಗ ಹೇಳುತ್ತಿದ್ದೆ. ಅದನ್ನು ಕೇಳಿದರೆ ಮುದುಕರ ಮುಖ ಅರಳುತ್ತಿತ್ತು. ಅದರ ಬದಲು ಮತ್ತೆ ಬನ್ನಿ ಎನ್ನಬೇಕಂತೆ! ಸುಮಾರು ನನ್ನದೇ ಪ್ರಾಯದ ಹೆಂಗಸೊಬ್ಬಳು, ಗರ್ಭಕೋಶ ತೆಗೆಸಿಕೊಂಡು ಹೊರಟವಳು, ನಮ್ಮ ನರ್ಸಿನ ಬಾಯಲ್ಲಿ ಆ ಮಾತು ಕೇಳಿ ಅಲ್ಲೇ ನಿಂತಳು. “ನಿನ್ನ ಬಾಯಿಗೆ ಮಣ್ಣು ಬೀಳಲಿ, ಪುನಃ ಎಂತ ಕೊಯ್ಯಲಿಕ್ಕೆ ಬರುವುದು?” ಎಂದು ಶಪಿಸಿಯೇ ಹೋದಳು. ಪಾಪ, ಬೈಸಿಕೊಂಡದ್ದು ನರ್ಸು.

ತೃಪ್ತಿ ಮೋಕ್ಷಿತ್‌ನ ಹತ್ತಿರ ಹೋಗಿ ಹೇಳಿದಳು. ಅವನು ಪೂರ್ತಿ ಕೇಳಿದ, ತಲೆಯಾಡಿಸಿದ, ನಕ್ಕ. ಸಿಬ್ಬಂದಿ ಹೇಳುವುದು ಬೇಡ ಎಂದು ಒಪ್ಪಿಯೂಬಿಟ್ಟ. ಯಂತ್ರವೇ ಹೇಳುತ್ತದಂತೆ. ಅದಕ್ಕೆ ದನಿ ಕೊಡಬೇಕಾದವಳು ಯಾರು? ತೃಪ್ತಿ. ಖಾಯಮಾತಿಯ ತಿಂಗಳು ಹತ್ತಿರ ಬರುತ್ತಿತ್ತು. ಅವಳು ಕೊಟ್ಟಳು. ಆ ದಿನ ಕ್ಯಾಂಟೀನಿಗೆ ಬರಲಿಲ್ಲ.

ಹೇಸಿಗೆ ಅಲ್ಲಿಗೂ ನಿಲ್ಲಲಿಲ್ಲ. ಜನ ಯಂತ್ರವನ್ನು ನೋಡದ ಹಾಗೆ ದಾಟಿ ಹೋಗುತ್ತಿದ್ದರು. ಅದಕ್ಕೂ ಮೋಕ್ಷಿತ್ ದಾರಿ ಕಂಡುಹಿಡಿದ. ಡಿಸ್ಚಾರ್ಜ್ ಆದವರು ಗೇಟಿನಲ್ಲಿ ಒಂದು ಪಾಸು ತೋರಿಸಬೇಕಷ್ಟೆ? ಆ ಪಾಸು ಇನ್ನು ಮುಂದೆ ಯಂತ್ರದಿಂದಲೇ ಬರುತ್ತದೆ, ಮುಖ ಒತ್ತಿದರೆ ಮಾತ್ರ. ಹಸಿರು ಒತ್ತಿದರೆ ತಟ್ಟನೆ ಪಾಸು, ಪರದೆಯಲ್ಲಿ ಬಲೂನು, ಜೊತೆಗೆ ಊರಿಗೆಲ್ಲ ಕಾಣುವ ಹಾಗೆ ಐದು ನಕ್ಷತ್ರ. ಕೆಂಪು ಒತ್ತಿದರೆ ಪ್ರಶ್ನೆಗಳ ಮಾಲೆ. ಒಂದೊಂದಕ್ಕೂ ಉತ್ತರ ಕೊಟ್ಟು ಮುಗಿಸಿದರೆ ಪಾಸು, ಮತ್ತು ಆ ಉತ್ತರ ಊರಿಗೆ ಕಾಣುವುದಿಲ್ಲ. ಕಾಯಿಲೆಯವರನ್ನು ಆಟೋದಲ್ಲಿ ಕೂರಿಸಿ ಬಂದವರು ಯಾವುದನ್ನು ಒತ್ತುತ್ತಾರೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಆಸ್ಪತ್ರೆಯ ನಕ್ಷತ್ರ ಏರಿತು. ಜಯಪಾಲಣ್ಣ ಪೇಟೆಯಲ್ಲಿ ದೊಡ್ಡ ಫಲಕ ಹಾಕಿಸಿದರು.

ಒಂದು ದಿನ ತೃಪ್ತಿ ಗಾಬರಿಯಲ್ಲಿ ನನ್ನ ಕೌಂಟರಿಗೆ ಬಂದಳು.

“ಕುಶಲಾಕ್ಕ, ಕಂಪ್ಯೂಟರಿನಲ್ಲಿ ಸಾವು ಕೂಡ ಡಿಸ್ಚಾರ್ಜೇ. ಗುಣವಾಗಿ ಹೋದವರು, ಸತ್ತು ಹೋದವರು, ಎಲ್ಲ ಒಂದೇ ಸಾಲು. ಶವಾಗಾರದ ಬಾಗಿಲಿಗೂ ಯಂತ್ರ ಬಂದಿದೆ. ಹೆಣ ಬಿಡಿಸಿಕೊಳ್ಳಲಿಕ್ಕೂ ಮುಖ ಒತ್ತಬೇಕು!”

“ದೇವೆರೇ! ಅವನಿಗೆ ಹೇಳಿದ್ಯಾ?”

“ಹೇಳಿದೆ. ಅದು ಎಡ್ಜ್ ಕೇಸ್ ಅಂತೆ. ಅಪರೂಪಕ್ಕೆ ಆಗುವುದು, ಮುಂದಿನ ವರ್ಷ ನೋಡುವ ಅಂತ ಹೇಳಿದ್ರು.”

ಅಪರೂಪಕ್ಕಂತೆ! ಆಸ್ಪತ್ರೆಯಲ್ಲಿ ಸಾವು ಅಪರೂಪವಂತೆ! ನನ್ನ ಕೈಯಲ್ಲಿದ್ದ ಮಾತ್ರೆಯ ಪಟ್ಟಿಯನ್ನು ಅವನ ತಲೆಗೆ ಎಸೆಯುವಷ್ಟು ಸಿಟ್ಟು ಬಂತು, ಅವನು ಎದುರಿಗಿರಲಿಲ್ಲ. ಹೋಗಿ ಧಣಿಗೆ ಹೇಳು ಎಂದೆ. ಧಣಿಗೂ ಹೇಳಿಯಾಗಿತ್ತು. ಅವರು ಮಗನ ಹತ್ತಿರ ಕೇಳು ಎಂದಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಇದಿನಬ್ಬನವರನ್ನು ಎದೆನೋವೆಂದು ತಂದರು. ಮೊದಲ ದಿನ ಮಾತಾಡುತ್ತಿದ್ದರು. ಆಮೇಲೆ ಐಸಿಯುಗೆ ಹಾಕಿದರು. ಗಂಡುಮಕ್ಕಳಿಬ್ಬರೂ ಸೌದಿಯಲ್ಲಿ. ಆಸ್ಪತ್ರೆಯಲ್ಲಿ ಹನಾನ್ ಒಬ್ಬಳೇ, ಮಾವ ಬಂದುಹೋಗಿ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಆ ಹುಡುಗಿ ನನ್ನ ಕೌಂಟರಿನ ಮುಂದೆ ನಿಂತು ಉಪಯೋಗಿಸದ ಇಂಜೆಕ್ಷನ್‌ಗಳ ಚೀಲ ನೀಡಿದಳು. ಮಿಕ್ಕ ಮದ್ದು ವಾಪಸು ಕೊಟ್ಟರೆ ಬಿಲ್ಲಿನಲ್ಲಿ ಕಳೆಯುವ ಕ್ರಮ.

“ಅಪ್ಪ ಹೇಗಿದ್ದಾರೆ ಮಗಾ?” ಎಂದೆ, ಚೀಲ ಬಿಚ್ಚುತ್ತಾ.

“ತೀರಿಕೊಂಡ್ರು ಆಂಟಿ. ಬೇಗ ಆಗ್ತದಾ? ಸಾಯಂಕಾಲದ ಅಸರ್ ನಮಾಜಿನ ಮೊದಲು ದಫನ ಮಾಡಬೇಕು.”

ಅವರಲ್ಲಿ ಹೆಣವನ್ನು ಇಟ್ಟುಕೊಳ್ಳುವುದಿಲ್ಲ, ಆದಷ್ಟು ಬೇಗ ಮಣ್ಣು ಮಾಡಬೇಕು. ಮಾವ ಬೆಂಗ್ರೆಯಲ್ಲಿ ಗುಂಡಿ ತೋಡಿಸುತ್ತಿದ್ದರು, ಹೊಳೆಯ ಆಚೆಗೆ ಅಂಬುಲೆನ್ಸ್ ಕೂಳೂರು ಸೇತುವೆ ಸುತ್ತಿ ಹೋಗಬೇಕು. ಅವಳನ್ನು ಒಬ್ಬಳೇ ಕಳಿಸಲು ಮನಸ್ಸು ಬಾರದೆ ನಾನೂ ಕೌಂಟರು ಬಿಟ್ಟು ಜೊತೆಗೆ ಹೋದೆ. ದಾರಿಯಲ್ಲೇ ತೃಪ್ತಿಗೆ ಫೋನು ಮಾಡಿ ಬರಹೇಳಿದೆ.

ಶವಾಗಾರ ಹಿಂಬದಿಯಲ್ಲಿ, ಜನರೇಟರಿನ ಪಕ್ಕ. ಬಾಗಿಲಲ್ಲಿ ಆ ಕಂಬ, ಕಂಬದ ಮೇಲೆ ಆ ಐದು ಮುಖ. ಇದಿನಬ್ಬನವರನ್ನು ಬಿಳಿ ಬಟ್ಟೆ ಸುತ್ತಿ ಸ್ಟ್ರೆಚರಿನಲ್ಲಿ ಮಲಗಿಸಿದ್ದರು. ಕಾವಲಿನವನು ನೆಲ ನೋಡುತ್ತಾ, “ಎಂತದಾದ್ರೂ ಒಂದು ಒತ್ತಿ ಅಮ್ಮ. ಪಾಸ್ ಬಾರದೆ ಬಿಡ್ಲಿಕ್ಕೆ ಇಲ್ಲ” ಎಂದ.

ಹನಾನ್ ಯಂತ್ರವನ್ನು ನೋಡಿದಳು, ಅಪ್ಪನನ್ನು ನೋಡಿದಳು, ಕೆಂಪು ಮುಖ ಒತ್ತಿದಳು. ಇನ್ನೇನು ಒತ್ತುತ್ತಾಳೆ, ಅಳುವ ಮುಖ ಅದೊಂದೇ ಇದ್ದದ್ದು. ಪರದೆಯಲ್ಲಿ ಪ್ರಶ್ನೆಗಳು ಬಂದವು. ರೂಮಿನ ಏಸಿ ಹೇಗಿತ್ತು? ಊಟ ರುಚಿಯಾಗಿತ್ತೇ? ಸ್ನೇಹಿತರಿಗೆ ನಮ್ಮ ಆಸ್ಪತ್ರೆಯನ್ನು ಶಿಫಾರಸು ಮಾಡುತ್ತೀರಾ? ಅವಳು ಒಂದೊಂದಕ್ಕೂ ಬೆರಳಿಟ್ಟು ಉತ್ತರಿಸತೊಡಗಿದಳು, ಪರೀಕ್ಷೆಗೆ ಕೂತವರ ಹಾಗೆ. ನಡುವೆ ಮಾವನ ಫೋನು ಬಂತು. ಗುಂಡಿ ಆಗಿದೆ, ಜನ ಸೇರಿದ್ದಾರೆ, ಎಲ್ಲಿದ್ದೀರಿ ಎಂದು. ಮಾತಾಡಿ ತಿರುಗುವಷ್ಟರಲ್ಲಿ ಹೊತ್ತು ಮೀರಿತೆಂದು ಪ್ರಶ್ನೆಗಳೆಲ್ಲ ಅಳಿಸಿಹೋಗಿ ಪರದೆಯಲ್ಲಿ ಪುನಃ ಐದು ಮುಖ.

“ಧನ್ಯವಾದಗಳು” ಎಂದಿತು ಯಂತ್ರ, ತೃಪ್ತಿಯ ದನಿಯಲ್ಲಿ. “ಮತ್ತೆ ಬನ್ನಿ.”

ಹೆಣದ ತಲೆದೆಸೆಯಲ್ಲಿ! ನನ್ನ ಜನ್ಮದಲ್ಲಿ ಅಂಥ ಅಸಹ್ಯ ಕೇಳಿಲ್ಲ. ಆ ಹೊತ್ತಿಗೆ ಓಡಿಬಂದು ಬಾಗಿಲಲ್ಲಿ ನಿಂತಿದ್ದ ತೃಪ್ತಿಯೂ ಕೇಳಿದಳು. ಹನಾನ್‌ಗೆ ಈಗ ಉಪಾಯ ತಿಳಿದಿತ್ತು. ಹಸಿರಿಗೆ ಬೆರಳು ಚಾಚಿದಳು.

“ಬೇಡ ಹನಾನ್. ಒತ್ತಬೇಡ” ಎಂದು ತೃಪ್ತಿ ಆ ಕೈ ಹಿಡಿದಳು. ಬಗ್ಗಿ ಯಂತ್ರದ ವಯರು ಕಿತ್ತಳು. ಕಾವಲಿನವನ ಪುಸ್ತಕದಿಂದ ಒಂದು ಹಾಳೆ ಹರಿದು ಪಾಸು ಬರೆದು, ತನ್ನ ಹೆಸರು ಹಾಕಿ ಸಹಿ ಮಾಡಿದಳು. “ಕೇಳಿದರೆ ನನ್ನ ಹೆಸರು ಹೇಳು” ಎಂದು ಅವನ ಕೈಗಿಟ್ಟಳು. ಸ್ಟ್ರೆಚರಿನ ಒಂದು ಬದಿ ಹಿಡಿದು ಅಂಬುಲೆನ್ಸಿನವರೆಗೂ ನಡೆದಳು. ಬಾಗಿಲು ಮುಚ್ಚುವಾಗ ಯಾರೂ ಯಾರಿಗೂ ಏನೂ ಹೇಳಲಿಲ್ಲ. ಅಂಬುಲೆನ್ಸ್ ಹೋಯಿತು, ನಮಾಜಿಗೆ ಮೊದಲೇ ಮಣ್ಣು ಮಾಡಿದರಂತೆ.

ಎರಡು ದಿನ ಕಳೆದು ಮೋಕ್ಷಿತ್ ನಮ್ಮಿಬ್ಬರನ್ನೂ ಕರೆಸಿದ. ಕೌಂಟರು ಬಿಟ್ಟು ಹೋದ ತಪ್ಪಿಗೆ ನನ್ನನ್ನು, ಪಾಸಿನ ತಪ್ಪಿಗೆ ಅವಳನ್ನು. ಬೈಯುತ್ತಾನೆಂದು ನಾನು ಸೆರಗು ಬಿಗಿದುಕೊಂಡೇ ಹೋಗಿದ್ದೆ. ಅವನು ಎದ್ದು ಕುರ್ಚಿ ಎಳೆದುಕೊಟ್ಟ, ಎಳನೀರು ತರಿಸಿದ.

“ಮ್ಯಾಮ್, ನಿಮ್ಮ ಕೆಲಸ ಫಸ್ಟ್ ಕ್ಲಾಸ್” ಎಂದ ತೃಪ್ತಿಗೆ. “ಖಾಯಂ ಮಾಡುವ ಪತ್ರ ಇಲ್ಲೇ ಉಂಟು, ನೋಡಿ. ಒಂದೇ ತೊಂದರೆ. ಈ ತಿಂಗಳ ನಮ್ಮ ಒಳಗಿನ ರೇಟಿಂಗ್, ಕೆಂಪು ಹಸಿರು ಎಲ್ಲ ಸೇರಿ, ಖಾಯಂ ಮಾಡ್ಲಿಕ್ಕೆ ನಾವು ಹೇಳಿದ್ದಕ್ಕಿಂತ ಕೂದಲೆಳೆ ಕಮ್ಮಿ. ಆ ದಿನದ ಡಿಸ್ಚಾರ್ಜ್‌ನದ್ದು ಖಾಲಿ ಬಿದ್ದಿದೆ. ಫೋನಿನಲ್ಲಿ ಕೇಳಿದ್ರೂ ಸಿಸ್ಟಮ್ ತಗೊಳ್ತದೆ. ಒಂದು ಕಾಲ್ ಮಾಡಿಬಿಡಿ.”

ತೃಪ್ತಿ ಮೆಲ್ಲಗೆ ಹೇಳಿದಳು, “ಸರ್, ಅದು ಸಾವಿನ ಮನೆ. ಮೂರನೇ ದಿನ ಕೂಡ ಆಗ್ಲಿಲ್ಲ.”

“ಒಂದು ನಿಮಿಷದ ಕೆಲಸ ಅಲ್ವಾ ಮ್ಯಾಮ್?”

“ನನ್ನಿಂದ ಆಗುವುದಿಲ್ಲ ಸರ್.”

ನಾನು ಸುಮ್ಮನಿರುವವಳಲ್ಲ. “ಮೋಕ್ಷಿತ್, ಉರಿಯುವ ಮನೆಯಿಂದ ಗಳ ಹಿರಿಯುವ ಬುದ್ಧಿ ಯಾರು ಕಲಿಸಿದ್ದು ನಿನಗೆ? ನಾಚಿಕೆ ಆಗುವುದಿಲ್ವಾ?” ಎಂದೆ.

“ಆಂಟಿ, ಇದು ಪರ್ಸನಲ್ ಅಲ್ಲ” ಎಂದು ಅವನು ನಕ್ಕ. ತಾನೇ ನಂಬರು ನೋಡಿ ಒತ್ತಿದ, ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವ ಹಾಗೆ ಮಾಡಿದ. ಆ ಕಡೆ ಕುರಾನ್ ಓದುವ ದನಿ ಕೇಳಿಸುತ್ತಿತ್ತು. ಹನಾನ್ ಎತ್ತಿದಳು. ಅವನು ಎಷ್ಟು ಮಧುರವಾಗಿ ಸಂತಾಪ ಹೇಳಿದನೆಂದರೆ, ಕಣ್ಣು ಮುಚ್ಚಿ ಕೇಳಿದವರು ಸ್ವಂತ ಅಣ್ಣನೆಂದುಕೊಳ್ಳಬೇಕು. ಹೇಳಿ ಮುಗಿಸಿ, ಅದೇ ಉಸಿರಿನಲ್ಲಿ, ನಮ್ಮ ಸೇವೆಗೆ ಒಂದರಿಂದ ಐದರಲ್ಲಿ ಎಷ್ಟು ಕೊಡುತ್ತೀರಿ ಎಂದು ಕೇಳಿದ.

“ಎಂತದು ಸರ್?” ಎಂದಳು ಅವಳು.

“ಇದು ತೃಪ್ತಿ ಮೇಡಮ್‌ನ ಕೆಲಸಕ್ಕೆ ಸಂಬಂಧಪಟ್ಟದ್ದು. ಅವರು ಇಲ್ಲೇ ಇದ್ದಾರೆ” ಎಂದು ಸೇರಿಸಿದ, ಪಾಪಿ.

“ಐದು ಹಾಕಿ ಸರ್” ಎಂದಳು ಹನಾನ್. “ತೃಪ್ತಿ ಅಕ್ಕನಿಗೆ ತೊಂದರೆ ಆಗುವುದು ಬೇಡ.”

ಅವನು ಹಾಕಿದ. ಕಂಪ್ಯೂಟರಿನಲ್ಲಿ ಏನೋ ಹಸಿರಾಯಿತು. ಅವನ ಮುಖ ನಿಜವಾಗಿಯೂ ಅರಳಿತು, ಅದನ್ನು ನೋಡಿಯೇ ನನಗೆ ಹೇಸಿಗೆಯಾದದ್ದು. ಅವನಿಗೆ ತಾನು ಮಾಡಿದ್ದು ಏನೆಂದೇ ತಿಳಿದಿರಲಿಲ್ಲ. ತೃಪ್ತಿ ಎದ್ದು ಹೊರಗೆ ಹೋದಳು. ನಾನು ಹಿಂದೆ ಹೋದರೆ ಬಾತ್‌ರೂಮಿನಲ್ಲಿ ಬಗ್ಗಿ ನಿಂತು ಕಾರುತ್ತಿದ್ದಳು. ಬೆನ್ನು ತಿಕ್ಕಿದೆ, ನೀರು ಕೊಟ್ಟೆ.

“ಬಿಟ್ಟು ಬಾ ಮಾರಾಯ್ತಿ” ಎಂದೆ. “ಈ ಗಟಾರದಲ್ಲಿ ಎಂತಕ್ಕೆ ನಿನಗೆ? ಪತ್ರ ಅವನ ಮುಖಕ್ಕೆ ಬಿಸಾಡು.”

ಅವಳು ಮುಖ ಒರೆಸಿಕೊಂಡಳು. “ಬಿಟ್ರೆ ಮಸ್ಕತ್ತು, ಕುಶಲಾಕ್ಕ. ಮಗಳು ಮೊನ್ನೆ ಶಾಲೆಯಿಂದ ಬಂದವಳು ಬಾಗಿಲಲ್ಲೇ ಅಮ್ಮಾ ಅಂತ ಕರೆದ್ಲು. ಅತ್ತೆ ಓಗೊಟ್ರು. ‘ಅಜ್ಜಿ, ನೀವಲ್ಲ’ ಅಂತ ಹೇಳಿದ್ಲು.”

ಗಟಾರ ಎಂದು ಹೇಳುವುದು ಸುಲಭ. ನನ್ನ ಮಕ್ಕಳು ದೊಡ್ಡವರಾಗಿದ್ದಾರೆ.

“ಆದರೆ ಒಂದು ಕೇಳಿಯೇ ಕೇಳ್ತೇನೆ” ಎಂದು ಅವಳು ಒಳಗೆ ನಡೆದಳು. ಮೋಕ್ಷಿತ್ ಪತ್ರ ಮುಂದಕ್ಕೆ ತಳ್ಳಿ ಪೆನ್ನಿನ ಮುಚ್ಚಳ ತೆಗೆದುಕೊಟ್ಟ. ಅವಳು ಪೆನ್ನು ಹಿಡಿದಳು, ಸಹಿ ಹಾಕಲಿಲ್ಲ.

“ಶವಾಗಾರದ ಬಾಗಿಲಿನಿಂದ ಆ ಯಂತ್ರ ತೆಗೆಯಬೇಕು ಸರ್. ಸತ್ತವರ ಕಡೆಯವರ ಹತ್ತಿರ ಯಾವುದೂ ಕೇಳುವುದು ಬೇಡ, ಫೋನಿನಲ್ಲೂ ಬೇಡ. ಅದು ಆದ್ರೆ ಮಾತ್ರ ನಾನು ಸಹಿ ಹಾಕುವುದು.”

ಖಾಯಮಾತಿ ಅಲ್ಲೇ ಹರಿದುಹೋಗಬಹುದಿತ್ತು. ಮೋಕ್ಷಿತ್ ಕಂಪ್ಯೂಟರಿಗೆ ತಿರುಗಿ ಏನೇನೋ ಒತ್ತಿದ, ಒಂದು ಸಾಲನ್ನು ಬೇರೆ ಮಾಡಿ ನೋಡಿದ. ಹುಬ್ಬು ಮೇಲೇರಿತು.

“ಅರೆ, ಹೌದಲ್ಲ! ಡೆತ್ ಕೇಸಿನವರು ಹೆಚ್ಚಿನವರೆಲ್ಲ ಕೆಂಪೇ ಒತ್ತಿದ್ದಾರೆ. ಆವರೇಜ್ ಕೆಳಗೆ ಎಳೆಯುವುದು ಇವರೇ. ನಾನು ಇದನ್ನು ನೋಡಿಯೇ ಇರ್ಲಿಲ್ಲ” ಎಂದ. ಅಲ್ಲಿಂದಲೇ ಯಾರಿಗೋ ಫೋನು ಮಾಡಿ ಶವಾಗಾರದ ಯಂತ್ರವನ್ನು ಇವತ್ತೇ ಕೀಳಬೇಕೆಂದು ಹೇಳಿದ. ಆಮೇಲೆ ತೃಪ್ತಿಯ ಕಡೆ ತಿರುಗಿ, ಮನಸಾರೆ ಮೆಚ್ಚಿದ ದನಿಯಲ್ಲಿ, “ಥ್ಯಾಂಕ್ಯೂ ಮ್ಯಾಮ್. ಗ್ರೇಟ್ ಐಡಿಯಾ” ಎಂದ.

ಅವಳು ಅವನನ್ನೇ ನೋಡಿದಳು. ಗಂಟಲಿನಲ್ಲಿ ಏನೋ ಮೇಲೆ ಬಂದದ್ದು ನನಗೆ ಕಂಡಿತು. ಈ ಸಲ ಬಾತ್‌ರೂಮಿಗೆ ಹೋಗಲಿಲ್ಲ. ನುಂಗಿ, ಸಹಿ ಹಾಕಿದಳು.